ಹಾಕುವ ಮೊದಲು ಬಿಚ್ಚುವುದನ್ನು ಕೇಳಿ

ಕೂದಲಿಗೆ ಕೂದಲು ಸೇರಿಸಿಕೊಡುವವರು ಈಗ ಚನ್ನಗಿರಿಯಲ್ಲೂ ಸಿಗುತ್ತಾರೆ, ಹೊನ್ನಾಳಿಯಲ್ಲೂ ಸಿಗುತ್ತಾರೆ. ಮದುವೆ ಮೇಕಪ್ಪಿಗೆ ಕರೆದರೆ ನ್ಯಾಮತಿಯ ಒಳಹಳ್ಳಿಗೂ ಸ್ಕೂಟಿಯ ಮುಂದೆ ಪೆಟ್ಟಿಗೆ ಇಟ್ಟುಕೊಂಡು ಬಂದುಬಿಡುತ್ತಾರೆ. ಆದರೆ ಹಾಕಿಸಿಕೊಂಡ ಕೂದಲನ್ನು ಎರಡು ತಿಂಗಳ ಮೇಲೆ ಬಿಚ್ಚಿಕೊಡುವವರು ಯಾರು ಎಂದು ಕೇಳಿ ನೋಡಿ. ಆಗ ದಾವಣಗೆರೆ, ಶಿವಮೊಗ್ಗ, ಕೊನೆಗೆ ಬೆಂಗಳೂರು ಎಂದು ಊರಿನ ಹೆಸರುಗಳು ದೂರ ದೂರ ಹೋಗತೊಡಗುತ್ತವೆ. ಹೇರ್ ಎಕ್ಸ್‌ಟೆನ್ಷನ್‌ನಲ್ಲಿ ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಾನು ಮೊದಲು ಕೇಳುವ ಮರುಪ್ರಶ್ನೆ ಇದು: ಬಿಚ್ಚುವವರು ಯಾರು, ಎಷ್ಟು ದಿನಕ್ಕೆ, ಏನು ಹಚ್ಚಿ?

ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ. ಉಳಿದರ್ಧ ನಿಮ್ಮ ಮನೆಯ ನೀರು, ನೀವು ತಲೆಗೆ ಹಚ್ಚುವ ಎಣ್ಣೆ ಮತ್ತು ಕೈಯಲ್ಲಿರುವ ದುಡ್ಡಿನ ಮೇಲೆ ನಿಂತಿದೆ. ಮೊಬೈಲ್‌ನಲ್ಲಿ ನೋಡಿದ ಫೋಟೊ ಕಟ್ಟಕಡೆಗೆ.

ಕೂದಲು ಸೇರಿಸಿಕೊಳ್ಳುವುದು ನಮ್ಮ ಕಡೆಗೆ ಹೊಸದಲ್ಲ. ಚೌರಿ ಇಲ್ಲದ ಮನೆ ಒಂದು ಕಾಲಕ್ಕೆ ಇರಲಿಲ್ಲ. ಸೀಮಂತಕ್ಕೆ ಮೊಗ್ಗಿನ ಜಡೆ ಹಾಕಬೇಕೆಂದರೆ ಬಸುರಿಯ ಸ್ವಂತ ಕೂದಲಿಗೆ ಚೌರಿ ಸೇರಿಸಿಯೇ ಹೆಣೆಯುತ್ತಿದ್ದರು. ಭರತನಾಟ್ಯದ ಹುಡುಗಿಗೆ ಚೌರಿ, ಅದರ ತುದಿಗೆ ಕುಚ್ಚು. ದಾವಣಗೆರೆಯ ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳ ಕಾಲದಲ್ಲಂತೂ ಬಣ್ಣದ ಪೆಟ್ಟಿಗೆಯ ಪಕ್ಕ ಟೋಪನ್ನು, ಚೌರಿಗಳದ್ದೇ ಒಂದು ಗಂಟು. ಹಳ್ಳಿಯ ಬಯಲಾಟದಲ್ಲಿ ಹೆಣ್ಣುವೇಷ ಕಟ್ಟಿದ ಗಂಡಸಿಗೂ ಬೆಳಗಾಗುವ ತನಕ ಅದೇ ಆಧಾರ. ಆಟ ಮುಗಿದ ಮೇಲೆ ಚೌರಿ ಗೂಟಕ್ಕೆ, ತಲೆ ದಿಂಬಿಗೆ. ಹಾಕಿಕೊಂಡೇ ಮಲಗುವ ಪ್ರಶ್ನೆಯೇ ಇರಲಿಲ್ಲ. ಈಗ ಬಂದಿರುವ ಬಗೆಗಳಲ್ಲಿ ಅರ್ಧಕ್ಕರ್ಧ ರಾತ್ರಿ ತಲೆಯ ಮೇಲೇ ಉಳಿಯುತ್ತವೆ, ವಾರಗಟ್ಟಲೆ ಉಳಿಯುತ್ತವೆ. ಹಳೆಯ ಚೌರಿಗೂ ಹೊಸ ಎಕ್ಸ್‌ಟೆನ್ಷನ್ನಿಗೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ.

ಬಗೆಗಳ ಮಾತಿಗೆ ಹೋಗುವ ಮೊದಲು ಆ ಕೂದಲು ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಅದು ಗೊತ್ತಿಲ್ಲದೆ ಅಂಗಡಿಯವರ ಮಾತನ್ನು ಅಳೆಯಲಾಗುವುದಿಲ್ಲ.

ಮನೆಯಲ್ಲಿ ತಲೆ ಬಾಚಿದಾಗ ಬಾಚಣಿಗೆಗೆ ಬಂದ ಉದುರು ಕೂದಲನ್ನು ಉಂಡೆ ಸುತ್ತಿ ಗೋಡೆಯ ಸಂದಿಗೋ ಕಿಟಕಿಯ ಮೂಲೆಗೋ ಸಿಕ್ಕಿಸುವ ಅಭ್ಯಾಸ ಜಗಳೂರು ಕಡೆಯ ಹಳ್ಳಿಗಳಲ್ಲಿ ಇನ್ನೂ ಇದೆ. "ಕೂದ್ಲ ಐತೇನ್ರವ್ವಾ" ಎಂದು ಕೂಗುತ್ತ ಬರುವವನು ಅದನ್ನು ತೂಗಿ ತಗೊಂಡು ಸ್ಟೀಲ್ ಲೋಟವೋ ಪಿನ್ನೋ ಬಲೂನೋ ಕೊಟ್ಟು ಹೋಗುತ್ತಾನೆ. ಆ ಉಂಡೆಗಳು ಮೂಟೆಯಾಗಿ ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರೆ ಕರ್ನಾಟಕದ ಮಟ್ಟಿಗೆ ಮೊದಲು ಬರುವ ಹೆಸರು ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರ. ನೇಕಾರರ ಊರೆಂದು ಹೆಸರಾದ ಅದು ಕೂದಲ ಉದ್ಯಮದ ಊರೂ ಹೌದು. ಅಲ್ಲಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಹೆಂಗಸರು ನೆಲದ ಮೇಲೆ ಕೂತು, ಗಂಟುಗಂಟಾದ ಉಂಡೆಯಿಂದ ಒಂದೊಂದೇ ಎಳೆಯನ್ನು ಬಿಡಿಸುತ್ತಾರೆ. ಆಮೇಲೆ ಕಬ್ಬಿಣದ ಮುಳ್ಳುಗಳಿರುವ ಹಲಗೆಗೆ ಎಳೆದೆಳೆದು ಬಾಚಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಕಟ್ಟು ಕಟ್ಟುತ್ತಾರೆ. ಕಣ್ಣು ಉರಿಯುವ, ಬೆನ್ನು ಹಿಡಿಯುವ ಕೆಲಸ. ಮಾಲು ಚೀನಾಕ್ಕೆ, ಮತ್ತೆಲ್ಲೆಲ್ಲಿಗೋ ಹೋಗುತ್ತದೆ. ಬಿಡಿಸದ ಉಂಡೆಗಳೇ ಕಡಿಮೆ ಬೆಲೆ ತೋರಿಸಿಕೊಂಡು, ಇಲ್ಲವೆ ಕಳ್ಳದಾರಿಯಲ್ಲಿ ಮ್ಯಾನ್ಮಾರ್ ಕಡೆಗೆ ಸಾಗತೊಡಗಿ ಇಲ್ಲಿಯವರ ಕೈಗೆ ಕೆಲಸ ಕಡಿಮೆಯಾಯಿತೆಂಬ ದೂರು ಬಂದ ಮೇಲೆ, ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ಕೂದಲ ರಫ್ತನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ನಿಮ್ಮ ಕಿಟಕಿಯ ಮೂಲೆಯ ಉಂಡೆಗೆ ದೆಹಲಿಯಲ್ಲಿ ಅಧಿಸೂಚನೆ ಹೊರಡುತ್ತದೆ ಎಂದರೆ ಅತ್ತೆಯಂದಿರು ನಂಬುವುದು ಕಷ್ಟ.

ಇನ್ನೊಂದು ಮೂಲ ಮುಡಿ. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಭಕ್ತರು ಕೊಟ್ಟ ಕೂದಲನ್ನು ತಿರುಪತಿ ದೇವಸ್ಥಾನದವರು ಉದ್ದದ ಮೇಲೆ ದರ್ಜೆ ಮಾಡಿ ಹರಾಜು ಹಾಕುತ್ತಾರೆ. ಬಿಳಿ ಕೂದಲಿಗೂ ಅಲ್ಲಿ ಒಂದು ದರ್ಜೆಯಿದೆ. ಅತಿ ಉದ್ದದ್ದು ವಿಗ್ಗು, ಎಕ್ಸ್‌ಟೆನ್ಷನ್ನಿಗೆ ಹೋಗುತ್ತದೆ. ಈ ಹಣ ದೇವಸ್ಥಾನದ ಆದಾಯದ ದೊಡ್ಡ ಬಾಬತ್ತುಗಳಲ್ಲಿ ಒಂದು. 2004ರಲ್ಲಿ ನ್ಯೂಯಾರ್ಕಿನ ಯಹೂದಿ ಮಹಿಳೆಯರು ತಮ್ಮ ವಿಗ್ಗುಗಳನ್ನು ಬೀದಿಯಲ್ಲಿ ಸುಟ್ಟಿದ್ದರು. ಅವುಗಳಲ್ಲಿ ಇರುವುದು ತಿರುಪತಿಯ ಮುಡಿಯ ಕೂದಲು, ಬೇರೆ ದೇವರಿಗೆ ಅರ್ಪಿಸಿದ್ದು, ಅದನ್ನು ಧರಿಸಬಾರದು ಎಂದು ಅವರ ಧರ್ಮಗುರುಗಳು ಹೇಳಿದ್ದೇ ಕಾರಣ.

ಈ ಎರಡು ಮೂಲಗಳ ನಡುವಿನ ಅಂತರವೇ ಬೆಲೆಯ ಅಂತರ. ಒಂದು ಕೂದಲೆಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೈಮೇಲೆ ಪೊರೆಗಳು ಮಂಗಳೂರು ಹೆಂಚು ಹೊದೆಸಿದಂತೆ ಒಂದರ ಮೇಲೊಂದು ಕೂತಿರುತ್ತವೆ, ಎಲ್ಲದರ ಅಂಚೂ ತುದಿಯ ಕಡೆಗೆ. ಮುಡಿ ಕೊಟ್ಟ ಕೂದಲು ಒಟ್ಟಿಗೆ ಕತ್ತರಿಸಿದ್ದಾದ್ದರಿಂದ ಎಲ್ಲ ಎಳೆಗಳ ಬುಡ ಒಂದು ಕಡೆ, ತುದಿ ಒಂದು ಕಡೆ ಇಡಲು ಬರುತ್ತದೆ. ಹೀಗೆ ದಿಕ್ಕು ಕೆಡದ ಕೂದಲಿಗೆ ವ್ಯಾಪಾರದಲ್ಲಿ ರೆಮಿ ಎನ್ನುತ್ತಾರೆ. ಬಾಚಣಿಗೆಯ ಉಂಡೆಯಲ್ಲಿ ಯಾವುದರ ಬುಡ ಎಲ್ಲೋ, ತುದಿ ಎಲ್ಲೋ. ಎದುರುಬದುರಾದ ಪೊರೆಗಳು ಒಂದಕ್ಕೊಂದು ಕಚ್ಚಿಕೊಂಡು ಗಂಟಾಗುತ್ತವೆ. ಅದಕ್ಕೆ ಉಪಾಯವೆಂದು ಕಾರ್ಖಾನೆಯಲ್ಲಿ ಆ ಕೂದಲನ್ನು ಆಮ್ಲದಲ್ಲಿ ಅದ್ದಿ ಪೊರೆಯನ್ನೇ ತೆಗೆದು, ಮೇಲೆ ಸಿಲಿಕೋನ್ ಬಳಿಯುತ್ತಾರೆ. ಅಂಗಡಿಯ ದೀಪದ ಕೆಳಗೆ ರೇಷ್ಮೆಯೇ ಸರಿ. ನಾಲ್ಕಾರು ಸಲ ತಲೆ ತೊಳೆದ ಮೇಲೆ ಬಳಿದದ್ದು ಹೋಗಿ ಒಣಹುಲ್ಲು ಕೈಗೆ ಬರುತ್ತದೆ. ಪ್ಯಾಕೆಟ್ಟಿನ ಮೇಲೆ "100% ಹ್ಯೂಮನ್ ಹೇರ್" ಎಂದು ಬರೆದದ್ದು ಆಗಲೂ ಸುಳ್ಳಲ್ಲ. ಮನುಷ್ಯರದ್ದೇ ಕೂದಲು, ಅಷ್ಟೇ.

ಇದನ್ನು ಕೈಯಲ್ಲೇ ಪರೀಕ್ಷೆ ಮಾಡಬಹುದು, ಸೂಕ್ಷ್ಮದರ್ಶಕ ಬೇಡ. ನಿಮ್ಮದೇ ತಲೆಯ ಉದುರಿದ ಒಂದು ಉದ್ದನೆಯ ಕೂದಲನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಕೂದಲಿನ ಉದ್ದಕ್ಕೇ ಬೆರಳುಗಳನ್ನು ಹಿಂದೆ ಮುಂದೆ ಉಜ್ಜಿ. ಕೂದಲು ಒಂದೇ ಕಡೆಗೆ ತಾನಾಗಿ ತೆವಳಿ ಹೊರಬರುತ್ತದೆ. ಹೊರಬಂದ ಆ ತುದಿ ಬುಡದ್ದು. ಇದನ್ನು ಮನೆಯಲ್ಲಿ ರೂಢಿ ಮಾಡಿಕೊಂಡು ಅಂಗಡಿಗೆ ಹೋಗಿ. ತೋರಿಸಿದ ಕಟ್ಟಿನಿಂದ ನಾಲ್ಕೈದು ಎಳೆ ಎಳೆದು, ಹೊಲಿಗೆಯ ಕಡೆಗಿದ್ದ ತುದಿಯನ್ನು ಗುರುತಿಟ್ಟುಕೊಂಡು ಉಜ್ಜಿ ನೋಡಿ. ಎಲ್ಲವೂ ಹೊಲಿಗೆಯ ದಿಕ್ಕಿಗೇ ತೆವಳಿದರೆ ಕೂದಲು ಸರಿಯಾಗಿ ಕೂತಿದೆ. ಎರಡು ಅತ್ತ, ಮೂರು ಇತ್ತ ಹೋದರೆ ಉಂಡೆಯ ಕೂದಲು. ಯಾವ ಕಡೆಗೂ ಹೋಗದೆ ನುಣ್ಣಗೆ ಜಾರಿದರೆ ಪೊರೆ ತೆಗೆದದ್ದು, ಇಲ್ಲವೇ ಕೂದಲೇ ಅಲ್ಲ. ಕೂದಲೇ ಅಲ್ಲವೇನೋ ಎಂಬ ಅನುಮಾನ ಬಂದರೆ ಒಂದು ಎಳೆಗೆ ಬೆಂಕಿಕಡ್ಡಿ ತಾಗಿಸಿ. ನಿಜವಾದದ್ದು ಸುಟ್ಟ ಗರಿಯ ವಾಸನೆ ಬಿಟ್ಟು ಬೂದಿಯಾಗಿ ಪುಡಿಯಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ. ಸಾವಿರಗಳ ಲೆಕ್ಕದಲ್ಲಿ ದುಡ್ಡು ಕೇಳುವವರು ಒಂದು ಎಳೆ ಕೊಡಲಾರರೆ?

ಕೃತಕ ಕೂದಲೆಂದರೆ ಮೂಗು ಮುರಿಯಬೇಕಿಲ್ಲ. ಒಂದು ದಿನದ ಆರತಕ್ಷತೆಗೆ, ಶಾಲೆಯ ವಾರ್ಷಿಕೋತ್ಸವದ ನೃತ್ಯಕ್ಕೆ, ಫ್ಯಾನ್ಸಿ ಸ್ಟೋರ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ನೈಲಾನ್ ಚೌರಿ ಧಾರಾಳ ಸಾಕು. ಹೆಣೆದು ಮೊಗ್ಗು ಮುಚ್ಚಿದ ಮೇಲೆ ಒಳಗಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ತೊಡಕು ಬರುವುದು ಅದನ್ನು ಬಿಟ್ಟ ಕೂದಲಿನಂತೆ ತೋರಿಸಲು ಹೋದಾಗ. ಬಿಸಿಲಿನಲ್ಲಿ ಅದರ ಹೊಳಪು ಬೇರೆ, ನಿಮ್ಮದು ಬೇರೆ. ಕರ್ಲಿಂಗ್ ಕಡ್ಡಿ ತಾಗಿಸಿದರೆ ಸಾಮಾನ್ಯ ನಾರು ಕರಗುತ್ತದೆ. ಶಾಖ ತಡೆಯುತ್ತದೆ ಎಂದು ಬರೆದಿದ್ದರೆ ಎಷ್ಟು ಡಿಗ್ರಿ ತನಕ ಎಂಬುದನ್ನೂ ಓದಬೇಕು. ದೀಪ, ಒಲೆ, ಗ್ಯಾಸಿನ ಹತ್ತಿರವಂತೂ ಜೋಪಾನ. ನೈಲಾನ್ ಕರಗಿದರೆ ಚರ್ಮಕ್ಕೆ ಅಂಟುತ್ತದೆ. ಕಾರ್ತಿಕದಲ್ಲಿ ದೀಪ ಹಚ್ಚಲು ಬಗ್ಗುವಾಗ ಸೇರಿಸಿದ ಜಡೆ ಮುಂದಕ್ಕೆ ಜಾರದಂತೆ ನೋಡಿಕೊಳ್ಳಬೇಕು.

ಇನ್ನು ಬಗೆಗಳು. ತೆಗೆದಿಡುವಂಥವು ಮತ್ತು ತಲೆಯ ಮೇಲೇ ಉಳಿಯುವಂಥವು, ಇಷ್ಟೇ ವಿಂಗಡಣೆ ನನಗೆ ಸಾಕು.

ತೆಗೆದಿಡುವುದರಲ್ಲಿ ಚೌರಿ ಹಿರಿಯಕ್ಕ. ನಿಮ್ಮ ಕೂದಲಿನ ಮೂರು ಕಾಲಿಗೆ ಅದರ ಮೂರು ಕಾಲು ಸೇರಿಸಿ ಹೆಣೆದುಬಿಟ್ಟರೆ ಭಾರ ಇಡೀ ಜಡೆಗೆ ಹಂಚಿಹೋಗುತ್ತದೆ. ಕ್ಲಿಪ್ ಹಾಕುವ ಬಗೆಯಲ್ಲಿ ಅಗಲವಾದ ಪಟ್ಟಿಯ ಬೆನ್ನಿಗೆ ಸಣ್ಣ ಸಣ್ಣ ಬಾಚಣಿಗೆಯಂಥ ಕ್ಲಿಪ್ಪುಗಳಿರುತ್ತವೆ. ಕೂದಲನ್ನು ಅಡ್ಡ ಸೀಳಿ, ಬುಡದಲ್ಲಿ ಸ್ವಲ್ಪ ಹಿಮ್ಮುಖ ಬಾಚಿ, ಕ್ಲಿಪ್ ಕಚ್ಚಿಸಬೇಕು. ಐದು ನಿಮಿಷದ ಕೆಲಸ ಎನ್ನುತ್ತಾರೆ. ಕನ್ನಡಿ ಮುಂದೆ ಒಬ್ಬರೇ ಕೂತರೆ ಮೊದಲ ಸಲ ಅರ್ಧ ಗಂಟೆ ಹಿಡಿಯುತ್ತದೆ. ಕಿವಿಯ ಮೇಲ್ಭಾಗದ ತೆಳುಗೂದಲಿಗೆ ಮಾತ್ರ ಕ್ಲಿಪ್ ಹಾಕಬೇಡಿ, ಎಳೆತ ಬೀಳುವುದು ಅಲ್ಲೇ. ಹೆಲ್ಮೆಟ್ ಹಾಕುವವರು ನಡುನೆತ್ತಿಗೆ ಕ್ಲಿಪ್ ಬರದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಚನ್ನಗಿರಿಯಿಂದ ಸಂತೇಬೆನ್ನೂರು ಮುಟ್ಟುವುದರೊಳಗೆ ತಲೆ ನೋಯತೊಡಗುತ್ತದೆ. ಹಾಲೋ ಎನ್ನುವ ಇನ್ನೊಂದಿದೆ. ಕಾಣದ ನೈಲಾನ್ ದಾರ ತಲೆಯ ಸುತ್ತ ಕೂತು ಹಿಂದೆ ಕೂದಲು ಇಳಿಬೀಳುತ್ತದೆ, ಕ್ಲಿಪ್ಪೇ ಇಲ್ಲ. ತೀರಾ ತೆಳು ಕೂದಲಿನವರು ಒಂದು ಹೊತ್ತಿನ ಸಮಾರಂಭಕ್ಕೆ ಇದನ್ನು ನೋಡಬಹುದು. ಬೈತಲೆ ಅಗಲವಾಗಿ ನೆತ್ತಿ ಕಾಣುತ್ತಿದ್ದರೆ ಉದ್ದದ ಎಕ್ಸ್‌ಟೆನ್ಷನ್‌ನಿಂದ ಉಪಯೋಗವಿಲ್ಲ. ಅವರಿಗೆ ಬೇಕಾದದ್ದು ನೆತ್ತಿಯನ್ನು ಮುಚ್ಚುವ ಟಾಪರ್. ಇದನ್ನು ಎಷ್ಟೋ ಕಡೆ ಹೇಳದೆ, ಇರುವ ಉದ್ದದ ಮಾಲನ್ನೇ ಮಾರಿ ಕಳಿಸುತ್ತಾರೆ.

ತಲೆಯ ಮೇಲೆ ಉಳಿಯುವುದರಲ್ಲಿ ಟೇಪ್, ಕೆರಟಿನ್ ಅಂಟು, ಸಣ್ಣ ಉಂಗುರ, ಹೊಲಿಗೆ ಎಂದು ನಾಲ್ಕು ಮುಖ್ಯ. ಟೇಪಿನಲ್ಲಿ ನಿಮ್ಮ ಕೂದಲಿನ ತೆಳ್ಳನೆಯ ಪದರವನ್ನು ಎರಡು ಅಂಟುಪಟ್ಟಿಗಳ ನಡುವೆ ಒತ್ತುತ್ತಾರೆ. ಆರರಿಂದ ಎಂಟು ವಾರಕ್ಕೆ ತೆಗೆದು ಮೇಲಕ್ಕೆ ಏರಿಸಿ ಮತ್ತೆ ಅಂಟಿಸಬೇಕು. ಕೆರಟಿನ್ನಿನಲ್ಲಿ ಬಿಸಿ ಇಕ್ಕಳದಿಂದ ಅಂಟನ್ನು ಕರಗಿಸಿ ಎಳೆಎಳೆಯಾಗಿ ಕೂಡಿಸುತ್ತಾರೆ; ಮೂರು ನಾಲ್ಕು ತಿಂಗಳು ನಿಲ್ಲುತ್ತದೆ, ಬಿಚ್ಚಲು ಅದರದ್ದೇ ದ್ರಾವಣ ಬೇಕು. ಉಂಗುರದಲ್ಲಿ ಅಂಟೂ ಇಲ್ಲ, ಬಿಸಿಯೂ ಇಲ್ಲ, ಇಕ್ಕಳದಿಂದ ಒತ್ತಿ ಕೂರಿಸುತ್ತಾರೆ, ಇಕ್ಕಳದಿಂದಲೇ ಬಿಚ್ಚುತ್ತಾರೆ. ಹೊಲಿಗೆಯೆಂದರೆ ತಲೆಗೆ ಅಂಟಿಕೊಂಡಂತೆ ಸಣ್ಣ ಜಡೆ ಹೆಣೆದು ಅದರ ಮೇಲೆ ಪಟ್ಟಿಯನ್ನು ಸೂಜಿದಾರದಲ್ಲಿ ಹೊಲಿಯುವುದು. ಆಫ್ರಿಕಾ ಮೂಲದ ಹೆಂಗಸರ ಗುಂಗುರು ಕೂದಲಿಗಾಗಿ ಬೆಳೆದ ವಿದ್ಯೆ ಅದು. ನಮ್ಮ ಜಾರುವ ಕೂದಲಿನಲ್ಲಿ ಜಡೆ ಸಡಿಲವಾಗುತ್ತದೆಂದು ಬಿಗಿದು ಹೆಣೆಯುತ್ತಾರೆ, ಬಿಗಿದರೆ ಬುಡ ನೋಯುತ್ತದೆ. ಅದರ ಬಗ್ಗೆ ಇಷ್ಟು ಸಾಕು.

ಈ ನಾಲ್ಕಕ್ಕೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಒಂದು ದೊಡ್ಡ ಶತ್ರು ಇದೆ: ಕೊಬ್ಬರಿ ಎಣ್ಣೆ. ಟೇಪಿನ ಅಂಟು, ಕೆರಟಿನ್ ಅಂಟು ಎರಡೂ ಎಣ್ಣೆಗೆ ಸಡಿಲುತ್ತವೆ. ಟೇಪ್ ಬಿಚ್ಚುವುದಕ್ಕೇ ಎಣ್ಣೆಯಂಥ ದ್ರಾವಣ ಹಚ್ಚುತ್ತಾರೆ. ಉಂಗುರವೂ ಎಣ್ಣೆಗೂದಲಿನಲ್ಲಿ ಕೆಳಕ್ಕೆ ಜಾರುತ್ತದೆ. ಹೀಗಿರುವಾಗ ಮದುವೆಗೆ ವಾರ ಮುಂಚೆ ದುಬಾರಿ ಟೇಪ್ ಹಾಕಿಸಿಕೊಂಡು ಬಂದ ಹುಡುಗಿಯನ್ನು ಚಪ್ಪರದಡಿ ಕೂರಿಸಿ, ಅರಿಶಿನ ಎಣ್ಣೆ ಶಾಸ್ತ್ರದಲ್ಲಿ ಐದು ಜನ ಮುತ್ತೈದೆಯರು ನೆತ್ತಿಗೆ ಎಣ್ಣೆ ಒತ್ತಿದರೆ ಏನಾಗಬೇಕೋ ಅದೇ ಆಗುತ್ತದೆ. ಶಾಸ್ತ್ರವನ್ನು ಬಿಡಿ ಎಂದು ಯಾವ ಅಜ್ಜಿಗೂ ಹೇಳಲಾಗದು, ಹೇಳಲೂಬೇಕಿಲ್ಲ. ಮುಹೂರ್ತದ ಬೆಳಿಗ್ಗೆ ಕ್ಲಿಪ್ ಹಾಕಿಕೊಂಡು, ಆರತಕ್ಷತೆ ಮುಗಿದ ರಾತ್ರಿ ತೆಗೆದರೆ ಅಜ್ಜಿಗೂ ನೆಮ್ಮದಿ, ಮೊಮ್ಮಗಳಿಗೂ ನೆಮ್ಮದಿ. ವಾರಕ್ಕೊಮ್ಮೆ ಎಣ್ಣೆ ಹಚ್ಚಿ ತಲೆ ಎರೆದುಕೊಳ್ಳುವ ರೂಢಿ ಇರುವವರು ತಲೆಯ ಮೇಲೆ ಉಳಿಯುವ ಬಗೆಯನ್ನು ಹಾಕಿಸಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎಣ್ಣೆಯನ್ನು ಬುಡಕ್ಕೆ ಬಿಟ್ಟು ತುದಿಗೆ ಮಾತ್ರ ಹಚ್ಚಿ ಎಂದು ಪಾರ್ಲರಿನವರು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಎಣ್ಣೆ ಹಚ್ಚುವುದೇ ಬುಡಕ್ಕೆ.

ಎರಡನೆಯ ಮಾತು ನೀರು. ತುಂಗಭದ್ರೆಯ ದಂಡೆಯ ಹೊನ್ನಾಳಿಯ ನಲ್ಲಿ ನೀರಿಗೂ, ಜಗಳೂರಿನ ಹಳ್ಳಿಯೊಂದರ ಆಳದ ಬೋರ್‌ವೆಲ್ ನೀರಿಗೂ ಸಾಬೂನು ನೊರೆ ಬರುವುದರಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಗಡಸು ನೀರಿನ ಸುಣ್ಣದಂಶ ಕೂದಲಿನ ಮೇಲೆ ಕೂತರೆ ಕೂದಲು ಒರಟಾಗಿ ಸಿಕ್ಕುಗಟ್ಟುತ್ತದೆ. ತಲೆಯಲ್ಲಿರುವ ಕೂದಲಿಗೆ ಬುಡದಿಂದ ಜಿಡ್ಡು ಇಳಿದು ಒಂದಿಷ್ಟು ರಕ್ಷಣೆ ಸಿಗುತ್ತದೆ. ಸೇರಿಸಿದ ಕೂದಲಿಗೆ ಅದೂ ಇಲ್ಲ. ಅದಕ್ಕೇ ಒಂದೇ ಅಂಗಡಿಯ ಒಂದೇ ಮಾಲು ಒಂದೂರಲ್ಲಿ ವರ್ಷ ಬಾಳಿ ಇನ್ನೊಂದೂರಲ್ಲಿ ಆರು ತಿಂಗಳಿಗೆ ಕೆಟ್ಟರೆ ಅಂಗಡಿಯವರನ್ನಷ್ಟೇ ಬೈದು ಪ್ರಯೋಜನವಿಲ್ಲ. ತೆಗೆದಿಡುವ ಬಗೆಯಾದರೆ ಇದಕ್ಕೆ ಸುಲಭದ ದಾರಿಯಿದೆ. ಬೋರ್ ನೀರಲ್ಲಿ ತೊಳೆದು, ಕೊನೆಯ ಸಲ ಜಾಲಾಡುವುದಕ್ಕೆ ಊರ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ಎರಡು ತಂಬಿಗೆ ನೀರು ಬಳಸಿ. ತಲೆಗೆ ಅಂಟಿದ ಕೂದಲಿಗೆ ದಿನಾ ಹೀಗೆ ಮಾಡಿಕೊಂಡು ಕೂರಲು ಯಾರಿಗೆ ಪುರಸೊತ್ತಿದೆ? ಸೀಗೆಕಾಯಿ ಬಳಸುವವರಿಗೂ ಒಂದು ಮಾತು: ಅದರ ಹಿಟ್ಟು ಟೇಪಿನ ಅಂಚಿನಲ್ಲಿ, ಅಂಟಿನ ಗಂಟಿನಲ್ಲಿ ಸಿಕ್ಕಿ ಉಳಿಯುತ್ತದೆ, ತೊಳೆದಷ್ಟೂ ಹೋಗುವುದಿಲ್ಲ.

ಮೂರನೆಯದು ಎಳೆತ. ಇದನ್ನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಬೇಕು. ಜಗ್ಗಿ ಜಗ್ಗಿ ಕೂದಲು ಉದುರುವುದನ್ನು ವೈದ್ಯರು ಮೊದಲು ದಾಖಲಿಸಿದ್ದು 1907ರಲ್ಲಿ, ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ. ಬಿಗಿಯಾಗಿ ಮೇಲಕ್ಕೆಳೆದು ಜುಟ್ಟು ಕಟ್ಟುತ್ತಿದ್ದ ಅವರ ಹಣೆಯಂಚಿನ ಕೂದಲು ಹೋಗಿತ್ತು. ಬಿಗಿದು ಕೂದಲು ಕಟ್ಟುವ ಸಿಖ್ ಗಂಡಸರಲ್ಲೂ ಇದು ಕಂಡಿದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಸಂತ ಸೇವಾಲಾಲರ ಜಯಂತಿಗೆ ಬರುವ ಹಿರಿಯ ಲಂಬಾಣಿ ಹೆಂಗಸರನ್ನು ನೋಡಿ. ಕೆನ್ನೆಯ ಎರಡೂ ಪಕ್ಕ ಕೂದಲಿಗೇ ಹೆಣೆದು ಇಳಿಬಿಟ್ಟ ಟೋಪ್ಲಿ, ಘುಗ್ರಿ ಎಂಬ ಆಭರಣಗಳು ಎಷ್ಟು ಚಂದವೋ ಅಷ್ಟೇ ಭಾರ. ಅಲ್ಲಿಯ ಕೂದಲ ಬುಡ ಆ ಭಾರವನ್ನು ದಿನವೂ ಹೊರಬೇಕು. ಎಕ್ಸ್‌ಟೆನ್ಷನ್ನಿನ ಕಥೆಯೂ ಇದೇ ಲೆಕ್ಕ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಇವತ್ತು ಬುಡದ ಹತ್ತಿರ ಅಂಟಿಸಿದ ಗಂಟು ಎರಡು ತಿಂಗಳಿಗೆ 2 ಸೆಂಟಿಮೀಟರ್ ಕೆಳಗಿಳಿದು, ತಿರುಗಿದಾಗ ಬಗ್ಗಿದಾಗ ತಿರುಚಿಕೊಳ್ಳುತ್ತ ಬುಡವನ್ನು ಜಗ್ಗುತ್ತದೆ. ಅದರ ಜೊತೆಗೆ, ಯಾರ ತಲೆಯಿಂದಲಾದರೂ ದಿನಕ್ಕೆ 50ರಿಂದ 100 ಕೂದಲು ಸಹಜವಾಗಿಯೇ ಉದುರುತ್ತವೆ. ಅಂಟಿನೊಳಗೆ ಸಿಕ್ಕವು ಬೀಳಲು ದಾರಿಯಿಲ್ಲದೆ ಅಲ್ಲೇ ಇರುತ್ತವೆ. ಬಿಚ್ಚಿದ ದಿನ ಎಲ್ಲ ಒಟ್ಟಿಗೆ ಕೈಗೆ ಬಂದಾಗ ಹೆದರಿಕೆಯಾಗುವುದು ಸಹಜ, ಅಷ್ಟಕ್ಕೆ ಹೆದರಬೇಕಿಲ್ಲ. ಹೆದರಬೇಕಾದ್ದು ಹುಬ್ಬು ಮೇಲೆತ್ತಿದರೆ ಬುಡ ನೋಯುವುದಕ್ಕೆ, ಬುಡದಲ್ಲಿ ಸಣ್ಣ ಗುಳ್ಳೆ ಏಳುವುದಕ್ಕೆ, ಕಿವಿಯ ಮುಂದಿನ ಕೂದಲು ತೆಳುವಾಗುತ್ತ ಅಂಚಿನಲ್ಲಿ ನಾಲ್ಕು ಮರಿಗೂದಲು ಮಾತ್ರ ಉಳಿಯುವುದಕ್ಕೆ. ಆಗ ಅದೇ ದಿನ ಬಿಚ್ಚಿಸಬೇಕು. ಆರಂಭದಲ್ಲೇ ಬಿಟ್ಟರೆ ಕೂದಲು ಮರಳಿ ಬರುತ್ತದೆ, ವರ್ಷಗಟ್ಟಲೆ ಜಗ್ಗಿದ ಬುಡ ಮುಚ್ಚಿಹೋಗುತ್ತದೆ.

"ಎರಡು ದಿನ ನೋವಿರುತ್ತೆ ಅಕ್ಕ, ಆಮೇಲೆ ಒಗ್ಗಿಹೋಗುತ್ತೆ" ಎಂದು ಸಮಾಧಾನ ಹೇಳುವವರಿದ್ದಾರೆ. ಸರಿಯಾಗಿ ಹಾಕಿದ್ದು ನೋಯುವುದಿಲ್ಲ. ಹೊಸತನ ಗೊತ್ತಾಗಬಹುದು, ರಾತ್ರಿ ಮಗ್ಗುಲಾಗುವಾಗ ಏನೋ ಇದೆ ಅನ್ನಿಸಬಹುದು. ಮಾತ್ರೆ ನುಂಗಿ ಮಲಗುವಷ್ಟು ನೋವೆಂದರೆ ಬಿಗಿ ಹೆಚ್ಚಾಗಿದೆ ಎಂದೇ ಅರ್ಥ.

ಎಷ್ಟು ಕೂದಲು ಬೇಕು ಎಂಬುದನ್ನು ಉದ್ದದಲ್ಲಿ ಕೇಳುವವರೇ ಹೆಚ್ಚು, ತೂಕದಲ್ಲಿ ಕೇಳಬೇಕು. ತೆಳು ಕೂದಲಿನವರಿಗೆ 100 ಗ್ರಾಂ ಆಸುಪಾಸಿನದ್ದು ಸಾಕು. ದಟ್ಟ ಕೂದಲಿನವರು ಅದನ್ನೇ ಹಾಕಿದರೆ ಮೇಲೆ ದಪ್ಪ, ಕೆಳಗೆ ಇಲಿಬಾಲ. ಉದ್ದ ಹೆಚ್ಚಾದಷ್ಟೂ ಅದೇ ತೂಕದಲ್ಲಿ ಎಳೆಗಳು ಕಡಿಮೆಯಾಗುತ್ತವೆ ಎಂಬುದನ್ನು ಮರೆಯಬೇಡಿ. ಕಟ್ಟನ್ನು ತಲೆಕೆಳಗು ಹಿಡಿದು ತುದಿ ನೋಡಿದರೆ, ಎಲ್ಲ ಎಳೆಗಳೂ ಒಂದೇ ಉದ್ದವೋ ಅಥವಾ ನಡುವೆ ಮೋಟುಗೂದಲು ತುಂಬಿಸಿದ್ದಾರೋ ಗೊತ್ತಾಗುತ್ತದೆ. ಬಣ್ಣ ಹೊಂದಿಸುವಾಗ ಬುಡದ ಬಣ್ಣ ನೋಡಬೇಡಿ, ನಿಮ್ಮ ಕೂದಲ ತುದಿಯದ್ದನ್ನು ನೋಡಿ, ಅಂಗಡಿಯ ಹೊರಗೆ ಬಂದು ಬಿಸಿಲಿನಲ್ಲಿ ನೋಡಿ. ನಮ್ಮದು ಕಪ್ಪು ಎಂದು ಹಟ ಹಿಡಿದು ಕಡುಗಪ್ಪು ತಂದವರ ಬೆನ್ನ ಮೇಲೆ ಎರಡು ಬಣ್ಣ ಗೆರೆ ಎಳೆದಂತೆ ಕಾಣುತ್ತದೆ. ಬಿಸಿಲು, ಹೊಲದ ಕೆಲಸ, ಬೋರ್ ನೀರು ಸೇರಿ ನಮ್ಮ ಬಹಳಷ್ಟು ಜನರ ತುದಿಗೂದಲು ಕಂದಿರುತ್ತದೆ.

ಹೊಲದ ಕೆಲಸ ಎಂದಾಗ ನೆನಪಾಯಿತು. ಚನ್ನಗಿರಿ ಕಡೆ ಅಡಿಕೆ ಸುಗ್ಗಿಯಲ್ಲಿ ಸುಲಿಯುವ ಯಂತ್ರದ ಹತ್ತಿರ, ಜಗಳೂರು ಕಡೆ ಮೆಕ್ಕೆಜೋಳ ಬಿಡಿಸುವ ಯಂತ್ರದ ಹತ್ತಿರ ನಿಲ್ಲುವವರು ಸೇರಿಸಿದ ಉದ್ದ ಜಡೆ ಬಿಟ್ಟುಕೊಂಡು ಹೋಗಲೇಬಾರದು. ಬೆಲ್ಟಿಗೆ ಸಿಕ್ಕ ಕ್ಲಿಪ್ ಕಳಚಿ ಹೋದೀತು, ಬುಡಕ್ಕೆ ಅಂಟಿಸಿದ್ದು ನೆತ್ತಿಯನ್ನೇ ಎಳೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ತಲೆಯ ಮೇಲೆ ಉಳಿಯುವ ಬಗೆ ಯಾರಿಗೂ ಬೇಡ ಎನ್ನಲಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತ, ಒಳ್ಳೆಯ ಸಲೂನು ನಡೆದುಹೋಗುವ ದೂರದಲ್ಲಿರುವ, ಎಣ್ಣೆ ಹಚ್ಚದ, ಸ್ವಂತ ಕೂದಲು ಗಟ್ಟಿಯಿರುವ ಹೆಣ್ಣುಮಗಳಿಗೆ ಟೇಪ್ ಹೊಂದುತ್ತದೆ. ದಿನಾ ಬೆಳಿಗ್ಗೆ ಕ್ಲಿಪ್ ಹಾಕುವ ರಗಳೆಯಿಲ್ಲ. ಅವಳು ಕೂಡ ರಜೆಗೆ ಹೊನ್ನಾಳಿಗೆ ಬಂದಾಗ ಅವ್ವ ಎಣ್ಣೆ ಬಟ್ಟಲು ಹಿಡಿದು ಕೂರುತ್ತಾಳೆ ಎಂಬುದನ್ನು ಲೆಕ್ಕಕ್ಕೆ ಹಿಡಿದುಕೊಂಡರೆ ಒಳ್ಳೆಯದು. ಹಾಕಿಸುವಾಗಲೇ ತೆಗೆಯುವ ದಿನವನ್ನೂ ಅದರ ದರವನ್ನೂ ಬರೆಸಿಕೊಳ್ಳಬೇಕು. ಎಷ್ಟೋ ಕಡೆ ಹಾಕುವ ದರ ಮಾತ್ರ ಹೇಳಿ, ಮೇಲಕ್ಕೆ ಏರಿಸುವುದಕ್ಕೆ ಬೇರೆ, ಬಿಚ್ಚುವುದಕ್ಕೆ ಬೇರೆ ಎನ್ನುತ್ತಾರೆ. ದುಡ್ಡು ಉಳಿಸಲು ಮನೆಯಲ್ಲೇ ಎಳೆದು ಕಿತ್ತುಕೊಂಡವರು ಅಂಟಿನ ಜೊತೆ ಸ್ವಂತ ಕೂದಲನ್ನೂ ಕಳೆದುಕೊಂಡಿದ್ದಾರೆ.

ಕೂದಲು ಉದುರುತ್ತಿದೆ ಎಂಬ ಕಾರಣಕ್ಕೆ ಎಕ್ಸ್‌ಟೆನ್ಷನ್ ಹುಡುಕುತ್ತಿದ್ದರೆ ಮೊದಲು ಹೋಗಬೇಕಾದ್ದು ಅಂಗಡಿಗಲ್ಲ. ಹೆರಿಗೆಯಾದ ಮೂರು ನಾಲ್ಕು ತಿಂಗಳಿಗೆ, ಟೈಫಾಯ್ಡ್, ಡೆಂಗಿಯಂಥ ಜೋರು ಜ್ವರದ ನಂತರ ರಾಶಿ ಕೂದಲು ಉದುರುವುದುಂಟು. ಹೆಚ್ಚಿನವರಿಗೆ ತಾನಾಗಿ ಮರಳಿ ಬರುತ್ತದೆ. ರಕ್ತಹೀನತೆ, ಥೈರಾಯ್ಡ್ ಇದ್ದರೂ ಉದುರುತ್ತದೆ, ಅದಕ್ಕೆ ರಕ್ತ ಪರೀಕ್ಷೆಯಿದೆ, ಔಷಧಿಯಿದೆ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಂಥ ಕಡೆ ಚರ್ಮರೋಗದ ವೈದ್ಯರಿಗೆ ಒಮ್ಮೆ ತೋರಿಸಿ, ಬುಡಕ್ಕೆ ಭಾರ ಹಾಕಬಹುದೋ ಎಂದು ಕೇಳಿ. ಉದುರುವ ಹೊತ್ತಿನಲ್ಲಿ ಅಂಟಿನ ಬಗೆ ಯಾವುದೂ ಬೇಡ. ಅವಸರವಿದ್ದರೆ ಸಡಿಲ ಜಡೆಗೆ ಹಗುರ ಚೌರಿ ಸೇರಿಸಿಕೊಳ್ಳಿ, ಸಂಜೆಗೆ ತೆಗೆಯಿರಿ. ಶಾಲೆಗೆ ಹೋಗುವ ಹುಡುಗಿಯರಿಗೂ ಇದೇ ಮಾತು.

ನಮ್ಮ ಊರುಗಳಲ್ಲಿ ಬಹಳಷ್ಟು ಮದುಮಕ್ಕಳು ಕೊಳ್ಳುವುದೇ ಇಲ್ಲ, ಮೇಕಪ್ಪಿನವರ ಪೆಟ್ಟಿಗೆಯಿಂದ ಬಾಡಿಗೆಗೆ ಹಾಕಿಸಿಕೊಳ್ಳುತ್ತಾರೆ. ತಪ್ಪೇನಿಲ್ಲ, ಒಂದು ದಿನಕ್ಕೆ ಸಾವಿರಾರು ಸುರಿಯುವುದಕ್ಕಿಂತ ಜಾಣತನ. ಒಂದೇ ವಾರದಲ್ಲಿ ಮೂರು ತಲೆ ಏರಿದ ಕೂದಲು ಅದು ಎಂಬುದನ್ನು ಮಾತ್ರ ನೆನಪಿಡಿ. ವಾರ ಮುಂಚೆ ಒಂದು ಸಲ ಹಾಕಿಸಿ ನೋಡಿ. ಹಾಕಿ ಎರಡು ಗಂಟೆ ಕೂತರೆ ಎಲ್ಲಿ ಎಳೆಯುತ್ತದೆ, ಬಣ್ಣ ಹೊಂದುತ್ತದೋ ಇಲ್ಲವೋ ತಿಳಿಯುತ್ತದೆ. ಮೊಗ್ಗಿನ ಜಡೆ ಹಾಕಿಸುವುದಾದರೆ ನೀರು ಚಿಮುಕಿಸಿದ ಹೂವಿನ ತೂಕವೂ ಸೇರುತ್ತದೆ, ಜಡೆಯನ್ನು ಕುತ್ತಿಗೆಯ ಮಟ್ಟದಲ್ಲೇ ಕಟ್ಟಿಸಿ. "ತೊಳೆದಿದ್ದೀರಾ" ಎಂದು ಕೇಳಲು ಸಂಕೋಚವಾದರೆ ಒಂದು ಉಪಾಯವಿದೆ: ಎರಡು ದಿನ ಮೊದಲೇ ಚೌರಿಯನ್ನು ಮನೆಗೆ ತರಿಸಿಕೊಳ್ಳಿ. ಶಾಂಪೂ ನೀರಲ್ಲಿ ಬುಡದಿಂದ ತುದಿಗೆ ನೇವರಿಸುತ್ತ ತೊಳೆದು, ಹಿಂಡದೆ ಟವೆಲಿನಲ್ಲಿ ಒತ್ತಿ, ನೆರಳಲ್ಲಿ ಹರಡಿ. ದಪ್ಪ ಚೌರಿಯ ಹೊಲಿಗೆಯೊಳಗಿನ ತೇವ ಆರಲು ಒಂದು ಇಡೀ ದಿನ ಹಿಡಿಯುತ್ತದೆ, ಆದ್ದರಿಂದ ಚಪ್ಪರದ ಹಿಂದಿನ ದಿನವೇ ಈ ಕೆಲಸ ಮುಗಿದಿರಲಿ.